ಚಾಲಕನ ಪಾಲಿನ ಪೆಟ್ಟು

ಅಗ್ನಿಶಾಮಕ ಠಾಣೆಯ ಡ್ರಮ್ ತಂಡಕ್ಕೆ ಇದ್ದದ್ದು ಒಂದೇ ನಡಿಗೆಯ ತಾಳ, ಅದೂ ಪೊಲೀಸ್ ಬ್ಯಾಂಡಿನಿಂದ ಎರವಲು ತಂದದ್ದು. ಅವತ್ತು ಸಂಜೆ ಊರಿನ ತಂಡಗಳಿಗೆಲ್ಲ ಮೆರವಣಿಗೆಯ ಸ್ಪರ್ಧೆ. ಬೆಳಗಿನ ಹಾಜರಿ ಹೊತ್ತಿಗೆ ಠಾಣೆಯ ಚಾಲಕ ಸುಮ್ಮನಿರಲಾರದೆ, "ನಮ್ಮದೇ ಒಂದು ತಾಳ ಕಟ್ಟಿದ್ರೆ ಹೇಗೆ ಸಾರ್?" ಅಂದುಬಿಟ್ಟ.

"ಕಟ್ರಪ್ಪ. ಎಲ್ಲರೂ ಸೇರಿ ಕಟ್ಟಿ" ಎಂದರು ಠಾಣಾಧಿಕಾರಿ.

ಆ 'ಎಲ್ಲರೂ' ಎಂಬ ಮಾತೇ ಅವನ ಕುತ್ತಿಗೆಗೆ ಬಂತು. ಏಕೆಂದರೆ ತಾಳ ಅವನ ತಲೆಯಲ್ಲಿ ಆಗಲೇ ಸಿದ್ಧವಾಗಿತ್ತು. ಸ್ಟಿಯರಿಂಗ್ ಮೇಲೆ ಬೆರಳಾಡಿಸುತ್ತ ತಿಂಗಳುಗಟ್ಟಲೆ ತಿದ್ದಿದ್ದ.

ಖಾಲಿ ಶೆಡ್ಡಿನಲ್ಲಿ ಮೂವರು ಡ್ರಮ್ ತಗುಲಿಸಿಕೊಂಡು ನಿಂತರು. ಚಾಲಕನದು ಸಣ್ಣ ಡ್ರಮ್. ಏಣಿ ಹತ್ತುವುದರಲ್ಲಿ ಎತ್ತಿದ ಕೈಯಾದ ಏಣಿಯಣ್ಣನದು ದೊಡ್ಡದು. ಠಾಣೆಯ ಫೋನ್ ಎತ್ತುವ ಫೋನಕ್ಕನದು ನಡುವಿನದು. ಚಾಲಕ ತನ್ನ ತಾಳ ಬಾರಿಸಿ ತೋರಿಸಿದ: "ಟರ್ರ ಟಕಟಕ, ಟರ್ರ ಟಕಟಕ, ಟಕ್ ಟಕ್."

"ಚೆನ್ನಾಗಿದೆ" ಎಂದ ಏಣಿಯಣ್ಣ. "ಆದ್ರೆ ಆ 'ಟರ್ರ' ಕೇಳಿದ್ರೆ ಹಲ್ಲು ಕೊರೆಸ್ಕೊಂಡ ಹಾಗಾಗತ್ತೆ. ಅಲ್ಲಿ ನನ್ನ 'ಧುಮ್' ಹಾಕೋಣ."

"ಹಾಗಾದ್ರೆ 'ಟಕಟಕ' ನನಗಿರಲಿ" ಎಂದಳು ಫೋನಕ್ಕ. "ದಿನವೆಲ್ಲ 'ಹಲೋ ಹಲೋ' ಅಂದು ಸಾಕಾಗಿದೆ. ಒಂದಿಷ್ಟು ಬಡೀತೀನಿ."

ಅಷ್ಟರಲ್ಲಿ ಗೋಡೆಯಾಚೆಯ ಮನೆಯ ನಿವೃತ್ತ ಗಣಿತ ಟೀಚರು ಬಂದರು. ಗಲಾಟೆಗೆ ಬೈಯುತ್ತಾರೆಂದು ಮೂವರೂ ಕಡ್ಡಿ ಬಚ್ಚಿಟ್ಟರು. ಆಕೆ ತಾವೇ ತಂದ ಕುರ್ಚಿ ಹಾಕಿಕೊಂಡು ಕೂತು, "ಒಂದು ಪೆಟ್ಟು ಹೆಚ್ಚಾಗಿದೆ. ನಡೆಯೋರಿಗೆ ಎರಡೇ ಕಾಲು ತಾನೆ?" ಎಂದರು.

ಯಾರ ಪೆಟ್ಟು ಬಿಡುವುದು? ಎಲ್ಲರ ಕಣ್ಣೂ ಚಾಲಕನ ಮೇಲೆ ನೆಟ್ಟವು. ಹೀಗೇ ಮಧ್ಯಾಹ್ನದ ಹೊತ್ತಿಗೆ, ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕೂತವನಂತೆ, ಅವನ ಪಾಲಿಗೆ ಉಳಿದದ್ದು ಕಟ್ಟಕಡೆಯ 'ಟಕ್' ಒಂದೇ.

"ಕೊನೇ ಪೆಟ್ಟು ಅಂದ್ರೆ ಸುಮ್ಮನೇನಾ? ಬಾಗಿಲಿಗೆ ಚಿಲಕ ಇದ್ದ ಹಾಗೆ" ಎಂದು ಏಣಿಯಣ್ಣ ಸಮಾಧಾನ ಹೇಳಿದ. ಚಾಲಕ ಮುಖ ಊದಿಸಿಕೊಂಡ. ಆದರೆ ಎಲ್ಲ ಸೇರಿಸಿ ಬಾರಿಸಿದಾಗ, ತಾಳ ಅವನ ತಲೆಯಲ್ಲಿದ್ದದ್ದಕ್ಕಿಂತ ಚೆನ್ನಾಗಿತ್ತು. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಸಂಜೆ ಬೀದಿಗಿಳಿದರು. ಹಿಂದೆ ಠಾಣೆಯ ಸಿಬ್ಬಂದಿಯೆಲ್ಲ ಸಾಲಾಗಿ ಹೆಜ್ಜೆ ಹಾಕುತ್ತಿದ್ದರು. 'ಧುಮ್ ಟಕಟಕ' ಏಳುತ್ತಿದ್ದಂತೆ ಜನ ನಿಂತಲ್ಲೇ ಕಾಲು ಕುಣಿಸತೊಡಗಿದರು. ಕಡ್ಡಿ ಎತ್ತಿಕೊಂಡು ಕಾಯುತ್ತಿದ್ದ ಚಾಲಕನಿಗೆ ಹಾಲು ಕುಡಿದಷ್ಟು ಸಂತೋಷವಾಗಿ, ಕೇಳುತ್ತ ಮೈಮರೆತುಬಿಟ್ಟ. ಕೊನೆಯ ಪೆಟ್ಟು ಬೀಳಲೇ ಇಲ್ಲ. ಆ ಖಾಲಿ ಜಾಗದಲ್ಲಿ ಎಲ್ಲರ ಬೂಟುಗಳೂ ಒಟ್ಟಿಗೆ 'ಧಪ್' ಎಂದವು.

ಬೈಗುಳಕ್ಕೆ ಕಾಯುತ್ತ ಚಾಲಕ ತಲೆ ತಗ್ಗಿಸಿದ. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಮುಂದಿನ ಸುತ್ತಿಗಾದರೂ ಬಾರಿಸೋಣವೆಂದು ಕಡ್ಡಿ ಇಳಿಸಹೋದರೆ, "ಮುಟ್ಟಬೇಡ" ಎಂದು ಏಣಿಯಣ್ಣ ಹಲ್ಲು ಕಡಿದ.

ಮೊದಲ ಬಹುಮಾನ ಅವರಿಗೇ ಬಂತು. "ಆ ಮೌನ ಯಾರ ಯೋಚನೆ?" ಎಂದು ತೀರ್ಪುಗಾರರು ಕೇಳಿದಾಗ ಫೋನಕ್ಕ ಚಾಲಕನನ್ನೇ ಮುಂದೆ ತಳ್ಳಿದಳು. ಅವನು ಉಬ್ಬಿಹೋದ.

ಶೆಡ್ಡಿಗೆ ಮರಳಿದ ಮೇಲೆ ಠಾಣಾಧಿಕಾರಿ ಬೆನ್ನು ತಟ್ಟಿದರು. "ಇನ್ಮೇಲೆ ಪ್ರತಿ ಮೆರವಣಿಗೆಗೂ ಇದೇ ತಾಳ. ನೀನು ಮಾತ್ರ ಮರೆತೂ ಬಾರಿಸಬೇಡ."

"ಹಾಗಾದ್ರೆ ನಾನು ಡ್ರಮ್ ಯಾಕೆ ಸಾರ್ ಹೊರಬೇಕು?"

"ಹೊರದಿದ್ರೆ, ಬಾರಿಸ್ತಾ ಇಲ್ಲದವನು ನೀನೇ ಅಂತ ಜನಕ್ಕೆ ಹೇಗಯ್ಯ ಗೊತ್ತಾಗೋದು?"