ಎಂಟನೆಯ ದಿನದ ಫೋಟೋಗಳು

ಪುಕ್ಕಟೆ ಫೋಟೋ ತೆಗೆಯುವವನನ್ನು ನಮ್ಮ ಕಡೆಯ ಜನ ಕಲಾವಿದ ಎನ್ನುತ್ತಾರೆ. ಅದೇ ಮನುಷ್ಯ ಮನೆಯ ಮುಂದೆ ಒಂದು ಬೋರ್ಡು ನೇತುಹಾಕಿದ ಮರುದಿನದಿಂದ ಅವನಿಗೆ ಕಣ್ಣು ಸರಿಯಾಗಿ ಕಾಣುತ್ತದೆಯೇ, ಕೈ ನಡುಗುವುದಿಲ್ಲವೇ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎಂದು ವಿಚಾರಿಸತೊಡಗುತ್ತಾರೆ. ಇದನ್ನು ನಾನು ಇನ್ನೊಬ್ಬರಿಂದ ಕೇಳಿ ಹೇಳುತ್ತಿಲ್ಲ. ದೋಣಿಗಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದು, ಆಳುಗಳ ಹಾಜರಿಯಿಂದ ಹಿಡಿದು ಬಿದ್ದ ಮಳೆಯವರೆಗೆ ಎಲ್ಲವನ್ನೂ ರಿಜಿಸ್ಟರಿಗೆ ಏರಿಸಿ, ನಿವೃತ್ತನಾಗಿ ಮಗ್ಗೆಗೆ ಬಂದು ನೆಲೆಸಿದ ಮೇಲೆ ಸ್ವತಃ ಅನುಭವಿಸಿ ಹೇಳುತ್ತಿದ್ದೇನೆ. ಬರೆದಿಡುವುದು ನನ್ನ ವೃತ್ತಿಯಾಗಿತ್ತು; ಮರೆಯದಿರುವುದು ಅದರಿಂದ ಅಂಟಿದ ಗುಣ. ಆದ್ದರಿಂದ ಯಾರು, ಎಂದು, ಎಲ್ಲಿ, ಯಾರೆದುರಿಗೆ ಏನೆಂದರು ಎಂಬುದರಲ್ಲಿ ನನ್ನಿಂದ ತಪ್ಪಾಗಿರುವ ಸಂಭವ ಕಡಿಮೆ.

ಕ್ಯಾಮೆರಾದ ಹವ್ಯಾಸ ನನಗೆ ಎಸ್ಟೇಟಿನ ಕಾಲದ್ದು. ಆಗ ರೀಲು ಹಾಕುವ ಕ್ಯಾಮೆರಾ. ಒಂದು ಫೋಟೋ ತೆಗೆಯುವ ಮುನ್ನ ಎರಡು ಸಲ ಯೋಚಿಸಬೇಕಾಗಿದ್ದ ಸಭ್ಯ ಕಾಲ. ಬಂಧುಗಳ ಮನೆಯ ನಾಮಕರಣ, ಗೃಹಪ್ರವೇಶ, ಲಿಂಗಧಾರಣೆ ಯಾವುದನ್ನೂ ನಾನು ಬಿಟ್ಟವನಲ್ಲ. ಎಲ್ಲರನ್ನೂ ಎತ್ತರದ ಕ್ರಮದಲ್ಲಿ ನಿಲ್ಲಿಸಿ, ಅಂಗಿಯ ಗುಂಡಿ ಹಾಕಿಸಿ, ಮಕ್ಕಳ ಮೂಗು ಒರೆಸಿಸಿ, ಕೈ ನೇರ ಇಡಿಸಿ ತೆಗೆಯುತ್ತಿದ್ದೆ. ಆ ಫೋಟೋಗಳು ಇಂದಿಗೂ ಹನ್ನೆರಡು ಮನೆಗಳ ಗೋಡೆಯ ಮೇಲಿವೆ. ಅವುಗಳಲ್ಲಿ ಒಂದನ್ನು ತೋರಿಸಿ ನನ್ನ ತಮ್ಮನ ಹೆಂಡತಿ ಗಿರಿಜ, ಅವರದೇ ಮನೆಯ ಗೃಹಪ್ರವೇಶದ ದಿನ, ಹೋಳಿಗೆ ಬಡಿಸುತ್ತ, ಇಡೀ ಪಂಕ್ತಿಗೆ ಕೇಳುವಂತೆ ಹೇಳಿದಳು: "ಭಾವ ತೆಗೆದ ಫೋಟೋ ಅಂತ ಯಾರೂ ಹೇಳ್ಬೇಕಾಗಿಲ್ಲ ಕಣ್ರೀ. ಎಲ್ರೂ ಪೊಲೀಸ್ ಸ್ಟೇಷನ್‌ನಲ್ಲಿ ನಿಂತಂಗೆ ನಿಂತಿರ್ತಾರೆ." ಪಂಕ್ತಿ ನಕ್ಕಿತು. ನಾನೂ ನಕ್ಕೆ. ಹೋಳಿಗೆ ಮಾತ್ರ ಎರಡನೆಯದನ್ನು ಹಾಕಿಸಿಕೊಳ್ಳಲಿಲ್ಲ. ಅದಕ್ಕೆ ಒಂಬತ್ತು ವರ್ಷವಾಯಿತು.

ನಿವೃತ್ತಿಯ ನಂತರ ಡಿಜಿಟಲ್ ಕ್ಯಾಮೆರಾ ಬಂತು, ದೊಡ್ಡ ಲೆನ್ಸು ಬಂತು, ಹೋದ ವರ್ಷ ದೀಪಾವಳಿಯ ಹೊತ್ತಿಗೆ ಬೋರ್ಡೂ ಬಂತು. ರಸ್ತೆಗೆ ಮುಖ ಮಾಡಿದ ನಮ್ಮ ಮುಂದಿನ ಕೋಣೆಯನ್ನು ಸ್ಟುಡಿಯೋ ಮಾಡಿದೆ. ಅದು ಅದುವರೆಗೆ ನನ್ನ ಶ್ರೀಮತಿ ಪಾರ್ವತಿಯ ಕಾಳುಮೆಣಸಿನ ಉಗ್ರಾಣವಾಗಿತ್ತು. ನೀಲಿ ಪರದೆ ಕಟ್ಟಿದ ದಿನ ಅವಳು ಬಾಗಿಲಲ್ಲಿ ನಿಂತು ನೋಡಿ, "ಯುಗಾದಿ ತನಕ ಇಟ್ಕೊಳಿ. ಅಷ್ಟರಲ್ಲಿ ಒಂದಾದ್ರೂ ಮದುವೆ ಆರ್ಡರ್ ಬರ್ಲಿಲ್ಲ ಅಂದ್ರೆ ಪರದೆ ಬಿಚ್ಕೊಡಿ, ನಂಗೆ ಮೆಣಸು ಒಣಗಾಕೋಕೆ ಆಗುತ್ತೆ," ಎಂದಳು. ಮೂವತ್ತೆಂಟು ವರ್ಷದ ದಾಂಪತ್ಯದಲ್ಲಿ ಅವಳು ಹೇಳಿದ ಗಡುವು ಒಂದು ದಿನವೂ ಮುಂದಕ್ಕೆ ಹೋದದ್ದಿಲ್ಲ.

ನಾಲ್ಕು ತಿಂಗಳಲ್ಲಿ ಸ್ಟುಡಿಯೋಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದು. ಇಬ್ಬರು ಜೆರಾಕ್ಸ್ ಇದೆಯೇ ಎಂದು ಕೇಳಿದರು. ಒಬ್ಬರು ಫೋನಿಗೆ ಕರೆನ್ಸಿ ಹಾಕುತ್ತೀರಾ ಎಂದರು. ನಾಲ್ಕನೆಯವರು ನಿಜವಾದ ಗಿರಾಕಿ. ಆದರೆ ಫೋಟೋ ಬೇಕಾಗಿದ್ದದ್ದು ಅವರಿಗಲ್ಲ, ಅವರ ಎಮ್ಮೆಗೆ. ಇನ್ಶೂರೆನ್ಸಿಗೆ ಕಿವಿಯ ನಂಬರಿನ ಓಲೆ ಕಾಣುವಂತೆ ಒಂದು ಫೋಟೋ ಬೇಕಂತೆ. ಹಿತ್ತಿಲಲ್ಲಿ ನಿಲ್ಲಿಸಿ ತೆಗೆದುಕೊಟ್ಟೆ. ಸತ್ಯವಾಗಿ ಹೇಳುತ್ತೇನೆ, ನನ್ನ ಜೀವಮಾನದಲ್ಲಿ ಅಷ್ಟು ಶಿಸ್ತಿನಿಂದ ನಿಂತವರು ಇನ್ನೊಬ್ಬರಿಲ್ಲ. ಅಲುಗಲಿಲ್ಲ, ಸಲಹೆ ಕೊಡಲಿಲ್ಲ, ತೋರಿಸಿ ಎಂದು ಕೇಳಲಿಲ್ಲ.

ಮದುವೆಯ ಆರ್ಡರುಗಳೆಲ್ಲ ಕಪ್ಪು ಟೀಶರ್ಟಿನ ತಂಡಗಳಿಗೆ ಹೋಗುತ್ತಿದ್ದವು. ಅವರ ಕೆಲಸವನ್ನು ನಾನು ಸಕಲೇಶಪುರದ ಒಂದು ಕಲ್ಯಾಣಮಂಟಪದಲ್ಲಿ ಕಣ್ಣಾರೆ ಕಂಡಿದ್ದೇನೆ. ಧಾರೆಯ ಹೊತ್ತಿಗೆ ಅವರ ಡ್ರೋನು ಮಂಟಪದೊಳಗೆ ನುಗ್ಗಿ ಅಯ್ಯನವರ ಶಾಲನ್ನು ಹಾರಿಸಿಕೊಂಡು ಹೋಯಿತು. ಮಂತ್ರ ಅರ್ಧಕ್ಕೆ ನಿಂತಿತು. ವಿಡಿಯೋದಲ್ಲಿ ಆ ಭಾಗವನ್ನು ಮೂರು ಸಲ, ನಿಧಾನವಾಗಿ, ಪಿಟೀಲಿನ ಸಂಗೀತದೊಂದಿಗೆ ತೋರಿಸಿದ್ದಾರೆ. ಅಂದು ಅಕ್ಷತೆ ಹಿಡಿದು ನಿಂತಿದ್ದ ನನಗೆ ಆ ತಂಡದವನೊಬ್ಬ, "ಅಜ್ಜಾ, ಸ್ವಲ್ಪ ಫ್ರೇಮಿಂದ ಆಚೆ ಹೋಗ್ಬುಡಿ," ಎಂದ. ನಾನು ವರನ ಸೋದರಮಾವ. ಹಾಗೆಂದವನು ಹಸಿರು ಬಣ್ಣದ ಬೂಟು ಹಾಕಿದ್ದ. ಎಡಗಾಲಿನ ದಾರ ಬಿಚ್ಚಿತ್ತು.

ಹೀಗಿರುವಾಗ ಗಿರಿಜಳ ಮಗಳು ಸಹನಾಳ ಮದುವೆ ನಿಶ್ಚಯವಾಯಿತು. ಹುಡುಗ ಕಿರಣ ಆಲೂರಿನ ಪಶುವೈದ್ಯ. ಫೋಟೋದ ಕೆಲಸ ನನಗೆ ಕೊಡಿ ಎಂದು ನಾನು ಕೇಳಲಿಲ್ಲ, ಸಹನಾಳೇ ಹಟ ಹಿಡಿದು ತಾಯಿಯನ್ನು ಒಪ್ಪಿಸಿದಳಂತೆ. ಗಿರಿಜ ಫೋನಿನಲ್ಲಿ, ಹುಳಿ ಮಜ್ಜಿಗೆ ಕುಡಿದವಳ ದನಿಯಲ್ಲಿ ಹೇಳಿದಳು: "ನೋಡಿ ಭಾವ, ಮದ್ವೆಗೆ ಮುಂಚೆ ಹುಡ್ಗ ಹುಡ್ಗೀದು ತೆಗೀತಾರಲ್ಲ, ಅದನ್ನ ಮೊದ್ಲು ತೆಗ್ದು ತೋರ್ಸಿ. ಚೆನ್ನಾಗಿ ಬಂದ್ರೆ ಮದ್ವೆದೂ ನಿಮ್ಗೇ. ಇಲ್ಲಾಂದ್ರೆ ಹಾಸನದೋರ್ಗೆ ಹೇಳ್ಬುಡ್ತೀನಿ. ಬೇಜಾರು ಮಾಡ್ಕೋಬಾರ್ದು." ಯುಗಾದಿಗೆ ಮೂರು ವಾರವಿತ್ತು. ಬೇಜಾರನ್ನು ಆಮೇಲೆ ಮಾಡಿಕೊಳ್ಳುವುದೆಂದು ತೀರ್ಮಾನಿಸಿ ಒಪ್ಪಿಕೊಂಡೆ.

ನನ್ನ ಯೋಜನೆ ಹಾಸನದವರಿಗೆ ಹೊಳೆಯುವಂಥದ್ದಾಗಿರಲಿಲ್ಲ. ಹೂಮಳೆ ಬಿದ್ದ ಎಂಟನೆಯ ದಿನ ಬೆಳಿಗ್ಗೆ ರೋಬಸ್ಟಾ ಕಾಫಿಯ ತೋಟ ಒಮ್ಮೆಲೇ ಅರಳುತ್ತದೆ. ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗಿ, ಮಲ್ಲಿಗೆ ಅಂಗಡಿಯೊಳಗೆ ನಿಂತ ಹಾಗೆ ಘಮಘಮಿಸುತ್ತದೆ. ಎರಡು ದಿನವಷ್ಟೇ; ಮೂರನೆಯ ದಿನ ಹೂವೆಲ್ಲ ಕಂದಿ, ಸೋಸಿದ ಚಹಾಪುಡಿಯ ಬಣ್ಣಕ್ಕೆ ತಿರುಗುತ್ತದೆ. ಆ ಎಂಟನೆಯ ದಿನವನ್ನು ಹಿಡಿಯಲು ಮಳೆಯ ಲೆಕ್ಕ ಗೊತ್ತಿರಬೇಕು. ಮೂವತ್ತೊಂದು ವರ್ಷ ಮಳೆಮಾಪಕದ ಮುಂದೆ ಬಗ್ಗಿ ನಿಂತವನಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರು? ಸೋಮವಾರ ಸಂಜೆ ಗುಡುಗಿ ಮಳೆ ಬಂತು. ಮಂಗಳವಾರ ಬೆಳಿಗ್ಗೆಯೇ ನನ್ನ ಹಳೆಯ ಎಸ್ಟೇಟಿಗೆ ಫೋನು ಮಾಡಿದೆ.

ಅಲ್ಲಿ ಈಗ ರೈಟರ್ ಆಗಿರುವವನು ನಾಗರಾಜ. ನನ್ನ ಕೈಕೆಳಗೆ ಹನ್ನೊಂದು ವರ್ಷ ಕೆಲಸ ಕಲಿತವನು. ಬಂದ ಹೊಸದರಲ್ಲಿ ಅವನಿಗೆ ಬಾಯಿ ಜಾಸ್ತಿ. ಒಮ್ಮೆ ಮ್ಯಾನೇಜರರ ಮುಂದೆ, ಯಾರೂ ಕೇಳದಿದ್ದರೂ, "ಸಾರ್, ಇವತ್ತಿನ ಮಳೆ ಲೆಕ್ಕ ತಪ್ಪೈತೆ, ಮಾಪಕದಾಗೆ ಎಲೆ ಬಿದ್ದಿತ್ತು," ಎಂದುಬಿಟ್ಟ. ಅಂದೇ ಸಂಜೆ ಸ್ಟೋರಿನ ಮುಂದೆ, ಕೂಲಿ ಲೈನಿನ ಜನರೆಲ್ಲ ನಿಂತಿದ್ದಾಗ, ಅವನಿಗೆ ಎಸ್ಟೇಟಿನ ಶಿಸ್ತು ತಿಳಿಸಿದೆ: ಕೇಳಿದ್ದಕ್ಕೆ ಉತ್ತರ ಕೊಡಬೇಕು, ಕೇಳದ್ದನ್ನು ಹೇಳಬಾರದು. ಎಲೆ ಬಿದ್ದಿದ್ದು ನಿಜವಾಗಿತ್ತು. ಅದು ಬೇರೆ ವಿಷಯ. ಆಮೇಲೆ ಹುಡುಗ ಬಹಳ ಸುಧಾರಿಸಿದ.

"ನಾಗರಾಜ, ಮಳೆ ಎಷ್ಟಪ್ಪ?" ಎಂದೆ.

"ಒಂದು ಇಂಚು ಇಪ್ಪತ್ತು ಸೆಂಟು ಸಾರ್."

"ಮುಂದಿನ ಮಂಗಳವಾರ ಬೆಳಿಗ್ಗೆ ನಮ್ಮ ಹುಡುಗೀನ ಕರ್ಕೊಂಡು ಫೋಟೋ ತೆಗೆಯೋಕೆ ಬರ್ತೀನಿ. ಮ್ಯಾನೇಜರಿಗೆ ಹೇಳಿರು."

"ಆಗ್ಲಿ ಸಾರ್. ಬನ್ನಿ," ಎಂದ. ಎಷ್ಟು ಬೇಕೋ ಅಷ್ಟೇ ಮಾತು. ನನ್ನ ತರಬೇತಿಯ ಬಗ್ಗೆ ನನಗೇ ಹೆಮ್ಮೆಯಾಯಿತು.

ಎಂಟನೆಯ ದಿನ ಬೆಳಗಾಗುವಷ್ಟರಲ್ಲಿ ನಾವು ಹೊರಟೆವು. ಸಹನಾ ಬಿಳಿ ಹೂವಿಗೆ ಒಪ್ಪಲೆಂದು ನಾನು ಹೇಳಿದಂತೆ ಕಡುಗೆಂಪು ಸೀರೆ ಉಟ್ಟಿದ್ದಳು. ಕಿರಣ ಕಾರು ಓಡಿಸುತ್ತ, "ದೊಡ್ಡಪ್ಪ, ಮಗ್ಗೆಯ ಒಂದು ಎಮ್ಮೆ ಫೋಟೋ ನಮ್ಮ ಆಸ್ಪತ್ರೆಗೆ ಬಂದಿತ್ತು. ನೀವೇ ತೆಗೆದದ್ದಂತೆ. ಬಹಳ ಕ್ಲಿಯರ್ ಆಗಿತ್ತು," ಎಂದ. ವೃತ್ತಿ ಹಿಡಿದಂದಿನಿಂದ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಹುಡುಗ ಒಳ್ಳೆಯವನೆಂದು ಆಗಲೇ ನಿರ್ಧರಿಸಿದೆ.

ಗೇಟು ದಾಟಿ ಮೊದಲ ತಿರುವು ಕಳೆದಾಗ ಘಮ ಬರಬೇಕಿತ್ತು. ಬರಲಿಲ್ಲ. ಎರಡನೆಯ ತಿರುವಿನಲ್ಲಿ ಗುಡ್ಡ ಕಂಡಿತು. ಇಡೀ ಗುಡ್ಡದ ಮೇಲೆ ಯಾರೋ ಚಹಾಪುಡಿ ಚೆಲ್ಲಿ ಹೋದಂತಿತ್ತು. ಪ್ರತಿ ರೆಂಬೆಯಲ್ಲೂ ಗೊಂಚಲು ಗೊಂಚಲಾಗಿ ಹೂವಿತ್ತು, ಎಲ್ಲವೂ ಸುಟ್ಟ ಕಾಗದದಂತೆ ಮುದುರಿ ಗಿಡಕ್ಕೆ ಅಂಟಿಕೊಂಡಿತ್ತು. ನಾಗರಾಜ ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು, ನನ್ನ ಕಾಲದಲ್ಲಿ ನಾನು ನಿಲ್ಲುತ್ತಿದ್ದ ಅದೇ ಸಿಲ್ವರ್ ಮರದ ಕೆಳಗೆ ನಿಂತಿದ್ದ.

"ಏನೋ ಇದು, ನಾಗರಾಜ?"

"ಹೂವು ಆಗ್ಹೋಯ್ತಲ್ಲ ಸಾರ್. ಶುಕ್ರವಾರ ಶನಿವಾರ ಬಂದಿದ್ರೆ ಬೋ ಚೆನ್ನಾಗಿತ್ತು. ಮಳೆಗೆ ನಾಕು ದಿನ ಮುಂಚೆನೇ ಸ್ಪ್ರಿಂಕ್ಲರ್ ಹೊಡ್ಸಿದ್ವಿ, ಗಿಡಕ್ಕೆ ಅದೇ ಹೂಮಳೆ ಆಯ್ತು."

"ಫೋನು ಮಾಡಿದಾಗ ಹೇಳಬಾರದಾಗಿತ್ತಾ?"

"ನೀವು ಮಳೆ ಕೇಳಿದ್ರಿ ಸಾರ್, ಮಳೆ ಹೇಳ್ದೆ. ನೀರು ಕೇಳ್ಲಿಲ್ಲ." ಬಹಳ ವಿನಯದಿಂದ, ಪುಸ್ತಕವನ್ನು ಎದೆಗೊತ್ತಿಕೊಂಡು ಹೇಳಿದ: "ಕೇಳದ್ದನ್ನ ಹೇಳ್ಬಾರ್ದು ಅಂತ ನೀವೇ ಕಲಿಸಿದ್ದು. ಸ್ಟೋರ್ ಮುಂದೆ. ಒಂದು ಗುರುವಾರ."

ಅದು ಗುರುವಾರವೇ ಆಗಿತ್ತು. ನನಗೆ ಅಲ್ಲಿಯವರೆಗೆ ನೆನಪಿರಲಿಲ್ಲ. ಮಳೆಯ ರಿಜಿಸ್ಟರಿನಲ್ಲಿ ಸ್ಪ್ರಿಂಕ್ಲರಿಗೆಂದೇ ಪ್ರತ್ಯೇಕ ಕಾಲಂ ಇರಬೇಕೆಂದು ಹಿಂದೊಮ್ಮೆ ಮ್ಯಾನೇಜರರೊಂದಿಗೆ ವಾದ ಮಾಡಿ, ಕೆಂಪು ಇಂಕಿನಲ್ಲಿ ಗೀಟು ಎಳೆದವನೂ ನಾನೇ ಎಂಬುದು ಆ ಕ್ಷಣಕ್ಕೆ ನೆನಪಾಯಿತು. ಅದನ್ನು ನಾಗರಾಜ ಎತ್ತಲಿಲ್ಲ. ಅವನ ಮುಖ ನೋಡಿದರೆ ಇನ್ನೊಂದು ದಿನಕ್ಕೆ ಉಳಿಸಿಕೊಂಡಂತಿತ್ತು. "ಹಾಜರಿ ಕೂಗ್ಬೇಕು ಸಾರ್," ಎಂದು ಹೊರಟುಹೋದ.

ನಾನು ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಕಂದಿದ ಹೂವಿನ ಮುಂದೆ ಮದುವಣಗಿತ್ತಿಯನ್ನು ನಿಲ್ಲಿಸುವುದು ನನ್ನ ಶಿಸ್ತಿಗೆ ಒಗ್ಗದ ಕೆಲಸ. ಕಟ್ಟೆಯ ಮೇಲೆ ಕುಳಿತು, ಸ್ಪ್ರಿಂಕ್ಲರ್ ಕಂಡುಹಿಡಿದವನಿಂದ ಆರಂಭಿಸಿ ಇದಕ್ಕೆ ಕಾರಣರಾದವರನ್ನೆಲ್ಲ ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ವಿಚಾರಿಸಿಕೊಳ್ಳತೊಡಗಿದೆ. ಸಹನಾ ಮಾತ್ರ ನಗು ತಡೆಯಲಾರದೆ ಗಿಡಕ್ಕೆ ಒರಗಿ ನಿಂತುಬಿಟ್ಟಳು. "ದೊಡ್ಡಪ್ಪ, ನಾಗರಾಜಣ್ಣ ಎಷ್ಟು ವರ್ಷದಿಂದ ಕಾಯ್ತಿದ್ರೋ ಪಾಪ," ಎಂದು ಕಣ್ಣೊರೆಸಿಕೊಂಡಳು. ಅವಳ ತಲೆಯ ಮೇಲೆ ಒಣಹೂವು ಉದುರಿತು. ಕಿರಣ ಜೇಬಿನಿಂದ ಫೋನು ತೆಗೆದು ನಾಲ್ಕಾರು ಸಲ ಒತ್ತಿದ. ಅವನು ಫೋನು ಹಿಡಿದ ರೀತಿಯಲ್ಲಿ ಯಾವ ಕ್ರಮವೂ ಇರಲಿಲ್ಲ. ಒಂದು ಫೋಟೋ ತೆಗೆಯುವಾಗ ಅವನೂ ನಗುತ್ತಿದ್ದ.

ಮನೆಗೆ ಬಂದವನು ಊಟ ಮಾಡಿ ನೀಲಿ ಪರದೆಯ ಗಂಟು ಬಿಚ್ಚಲು ಸ್ಟೂಲು ಹತ್ತಿದ್ದೆ. ಪಾರ್ವತಿ ಕೆಳಗೆ ನಿಂತು ಸ್ಟೂಲು ಹಿಡಿದುಕೊಂಡಿದ್ದಳು. "ಹೋಗ್ಲಿ ಬಿಡಿ," ಎಂದಳು. ಅವಳು ಹಾಗೆ ಮೆತ್ತಗೆ ಮಾತಾಡಿದ್ದೇ ನನಗೆ ಹೆಚ್ಚು ನೋವು ತಂದದ್ದು. ಅಷ್ಟರಲ್ಲಿ ಫೋನು ಬಂತು. ಗಿರಿಜ.

"ಭಾವ, ಸಹನಾ ಫೋಟೋ ಕಳ್ಸಿದ್ಲು. ನಾನು ಏನೋ ಅಂದ್ಕೊಂಡಿದ್ದೆ. ಎಷ್ಟು ಚೆನ್ನಾಗವೆ ಮಾರಾಯ್ರೆ. ಆ ಕಂದು ಬಣ್ಣ, ಹಳೇ ಕಾಲದ ಫೋಟೋ ಇದ್ದಂಗೆ. ನನ್ನ ಮಗಳು ಹಂಗೆ ನಗೋದನ್ನ ನಾನೇ ಫೋಟೋದಾಗೆ ನೋಡಿರ್ಲಿಲ್ಲ. ಬೀಗ್ರು ಮನೆಯೋರೂ ಬಾಳ ಮೆಚ್ಕೊಂಡ್ರು. ಮದ್ವೆದೂ ನೀವೇ ತೆಗೀರಿ. ಇದೇ ಥರ ಬರ್ಬೇಕು." ಜೊತೆಗೇ, "ಅವತ್ತು ಹೋಳಿಗೆ ಹೊತ್ನಲ್ಲಿ ಏನೋ ಅಂದಿದ್ದೆ, ಮನಸ್ಸಿಗೆ ತಗೋಬೇಡಿ," ಎಂದಳು.

ಅಂದರೆ ಅವಳಿಗೂ ನೆನಪಿತ್ತು. ಒಂಬತ್ತು ವರ್ಷ ಕಾದು ಪಡೆದ ಆ ಮಾತಿಗೆ ನಾನು, "ಆಗಲಮ್ಮ," ಎಂದೆ. ಯಾರು ತೆಗೆದರೆಂದು ಅವಳು ಕೇಳಲಿಲ್ಲ. ಕೇಳದ್ದನ್ನು ಹೇಳಬಾರದೆಂಬುದು ನನ್ನ ಹಳೆಯ ತತ್ವ. ಒಬ್ಬ ತಾಯಿಯ ಸಂತೋಷ ಕೆಡಿಸಲೆಂದು ಅದನ್ನು ಮುರಿಯುವುದು ಸರಿಯಲ್ಲವೆನಿಸಿತು. ಸ್ಟೂಲಿನ ಮೇಲೆ ನಿಂತಂತೆಯೇ ಪರದೆಯ ಗಂಟನ್ನು ಮತ್ತೆ ಬಿಗಿದೆ. ಪಾರ್ವತಿ ಏನೂ ಕೇಳದೆ ಮೆಣಸಿನ ಚೀಲಗಳನ್ನು ಹಜಾರದಲ್ಲೇ ಉಳಿಸಿಕೊಂಡಳು. ಮದುವೆಗೆ ಇನ್ನು ಇಪ್ಪತ್ತು ದಿನವಿದೆ. ಧಾರೆಯ ಹೊತ್ತಿನಲ್ಲಿ ಹಾರ ಹಾಕಿಸಿಕೊಂಡು ನಿಂತ ವರ, ನನ್ನ ಪರವಾಗಿ ಒಂದೆರಡು ಸಲ ಫೋನು ಒತ್ತಿಕೊಡುತ್ತಾನೆಯೇ ಎಂದು ವಿಚಾರಿಸಲು ಮಾತ್ರ ನನಗಿನ್ನೂ ಧೈರ್ಯ ಬಂದಿಲ್ಲ.

ಆ ಫೋಟೋ ಬಂಧುಗಳ ಫೋನಿನಿಂದ ಫೋನಿಗೆ ಹಾರಿ, ದೋಣಿಗಲ್ಲಿನವರೆಗೂ ಹೋಗಿದೆ. ಮೊನ್ನೆ ನಾಗರಾಜನಿಂದ ಒಂದು ಸಂದೇಶ ಬಂತು: "ಫೋಟೋ ನೋಡ್ದೆ ಸಾರ್. ಬೋ ಚೆನ್ನಾಗೈತೆ. ನೀವು ಕ್ಯಾಮೆರಾ ಚೀಲದಿಂದ ತೆಗ್ದಿದ್ದು ನಾನು ನೋಡ್ಲಿಲ್ಲ. ಯಾರು ತೆಗ್ದಿದ್ದು ಸಾರ್?"

ಇಷ್ಟು ಜನರಲ್ಲಿ ಕೇಳಿದವನು ಅವನೊಬ್ಬನೇ. ಕೇಳಿದ್ದಕ್ಕೆ ಉತ್ತರ ಕೊಡಬೇಕು. ಆ ಸಂದೇಶವನ್ನು ನಾನು ಓದಿದ್ದೇನೆಂದು ತೋರಿಸುವ ಎರಡು ನೀಲಿ ಗುರುತು ಬಿದ್ದು ಇಂದಿಗೆ ನಾಲ್ಕು ದಿನ. ಅವನು ಅವಸರ ಮಾಡುವುದಿಲ್ಲ, ಮರೆಯುವುದೂ ಇಲ್ಲ. ಅವನಿಗೆ ಕೆಲಸ ಕಲಿಸಿದವನು ನಾನು.