ಗ್ರೀಕ್ ತಾತ, ನಮ್ಮ ಮಾವ ಮತ್ತು ಒಂದು ಬೇಲಿ

ಹಳೇ ಊರಲ್ಲಿ ಹುಟ್ಟಿದವರನ್ನು ತಂದು ಹೊಸ ಬಡಾವಣೆಯಲ್ಲಿ ಬಿಟ್ಟರೆ ವಾರಕ್ಕೊಂದು ಪ್ರಸಂಗ ಗ್ಯಾರಂಟಿ. ನನ್ನ ಪಾಲಿಗೆ ಅಂಥವರು ಇಬ್ಬರು ಸಿಕ್ಕಿದ್ದಾರೆ.

ಯಾರ ಊರು ಹಳೇದು

ನಮ್ಮ ಮಾವ ಗದಗಿನ ಕಡೆಯವರು. ಕಳೆದ ಬೇಸಿಗೆಯಲ್ಲಿ ಅಮೆರಿಕದ ಕ್ಯಾರಿ ಊರಿನ ನಮ್ಮ ಮನೆಗೆ ಬಂದವರೇ ಹಿತ್ತಲಲ್ಲಿ ಅವರೆ ಹಾಕಿದರು. ಪಕ್ಕದ ಮನೆಯವರು ಗ್ರೀಸಿನ ಒಂದು ಹಳ್ಳಿಯವರು, ಮಕ್ಕಳ ಬಾಯಲ್ಲಿ ಗ್ರೀಕ್ ತಾತ. ಅವರದು ದ್ರಾಕ್ಷಿ ಬಳ್ಳಿ. ಎರಡನ್ನೂ ಜಿಂಕೆಗಳು ಮೇಯ್ದವು. ಅವರವರ ಭಾಷೆಯಲ್ಲಿ ಜಿಂಕೆಗೆ ಬೈಯುತ್ತಲೇ ಇಬ್ಬರೂ ಗೆಳೆಯರಾದರು. ಎರಡು ಹಿತ್ತಲಿಗೂ ಸೇರಿ ಒಂದು ಬೇಲಿ ಹಾಕಿಸಬೇಕು, ವಾಪಸ್ ಹೋಗುವ ಮುಂಚೆ ಒಮ್ಮೆ ಮನೆಯ ಅವರೆಕಾಳಿನ ಸಾರು ಉಣ್ಣಬೇಕು ಅನ್ನುವುದು ಮಾವನ ಹಟ.

ತಾತನ ಹರಕು ಇಂಗ್ಲಿಷಿಗೂ ಮಾವನ ಕನ್ನಡಕ್ಕೂ ಮಧ್ಯೆ ಅನುವಾದಕ್ಕೆ ನಾನು. "ನಮ್ಮ ಹಳ್ಳಿ ಸುತ್ತ ಮೂರು ಹಳೇ ಊರು ಹೂತುಹೋಗಿವೆ. ಒಂದು ಗುಡ್ಡದ ಮೇಲೆ, ಒಂದು ಆಲಿವ್ ತೋಟದ ಕೆಳಗೆ, ಒಂದು ಸಮುದ್ರದಲ್ಲಿ" ಅಂದರು ತಾತ.

"ನಾವು ಹಳೇ ಗುಡಿ ಕಂಬಕ್ಕ ಎಮ್ಮಿ ಕಟ್ತಿದ್ವಿ ಅಂತ ಹೇಳವ್ವ" ಅಂದರು ಮಾವ. "ಅವರದು ಎಷ್ಟ್ ವರ್ಷದ್ದಂತ?"

"ಮೂರು ಸಾವಿರ ಅಂತೆ, ಮಾವ."

ಮಾವ ಸ್ವಲ್ಪ ಯೋಚಿಸಿ, "ನಮ್ಮದು ನಾಕು ಅಂತ ಹೇಳು" ಅಂದರು. ಸುಳ್ಳು ಹೇಳಲಾಗದೆ ಒಂದು ಸಾವಿರ ಅಂದೆ. ತಾತ ಮಾವನ ಭುಜ ತಟ್ಟಿ, "ಪರವಾಗಿಲ್ಲ, ಕಾಲ ಕಳೆದ ಹಾಗೆ ಹಳೇದಾಗುತ್ತೆ" ಅಂತ ಸಮಾಧಾನ ಮಾಡಿದರು.

ಅಭಿಪ್ರಾಯದ ಪುಸ್ತಕ

ಒಂದು ಭಾನುವಾರ ಇಬ್ಬರನ್ನೂ ಹತ್ತಿರದ ಒಂದು ಐತಿಹಾಸಿಕ ಮನೆ ತೋರಿಸಲು ಕರೆದುಕೊಂಡು ಹೋದೆ. ಗೈಡಮ್ಮ ದನಿ ತಗ್ಗಿಸಿ, "ನೂರಮೂವತ್ತು ವರ್ಷ, ಗೋಡೆ ಮುಟ್ಟಬೇಡಿ" ಅಂದಳು. ಇಬ್ಬರೂ ಹಳೇ ಮನೆ ಎಲ್ಲಿ ಅಂತ ಆ ಗೋಡೆಯ ಹಿಂದೆ ಇಣುಕಿದರು.

ಹೊರಡುವಾಗ ಮಾವ ಅಲ್ಲಿದ್ದ ಪುಸ್ತಕದಲ್ಲಿ ಕನ್ನಡದಲ್ಲೇ ನಾಲ್ಕು ಮಾತು ಬರೆದರು. ಗೈಡಮ್ಮನಿಗೆ ಖುಷಿಯೋ ಖುಷಿ, ಏನು ಬರೆದಿದ್ದಾರೆ ಅಂತ ನನ್ನನ್ನು ಕೇಳಿದಳು. ಓದಿದೆ: "ಮನೆ ಚೆಂದ ಕಟ್ಟಿಸೀರಿ. ಗೃಹಪ್ರವೇಶ ಯಾವಾಗ?"

ತುಂಬಾ ಹಳೆಯ ಮನೆ ಅಂತ ಹೊಗಳಿದ್ದಾರೆ ಅಂದೆ.

ಬೇಲಿ

ಕೊನೆಗೂ ಬೇಲಿಗೆ ಪರ್ಮಿಷನ್ ಬಂತು. ಸರ್ವೆಯವನು ಬಂದು ಗಡಿ ಗುರುತಿಸಿದರೆ ಕೆಲಸ ಶುರು. ಅವನು ಬರುವ ದಿನ ನಾನು ಮೀಟಿಂಗಿನಲ್ಲಿದ್ದೆ. ಮುಗಿಸಿ ಹಿತ್ತಲಿಗೆ ಬರುವಷ್ಟರಲ್ಲಿ ಆತುರ ತಾಳದೆ ಇಬ್ಬರೂ ತಾವೇ ಗುಂಡಿ ತೋಡಲು ಶುರುಮಾಡಿಬಿಟ್ಟಿದ್ದರು.

ಬಂದವನು ನಕ್ಷೆ ಹಿಡಿದು ಹಿತ್ತಲೆಲ್ಲ ಸುತ್ತಿದ. "ಇಲ್ಲೊಂದು ಗಡಿಕಲ್ಲು ಇರಬೇಕಿತ್ತಲ್ಲ, ಮೇಲೆ ಗೀಟು ಕೆತ್ತಿರೋದು?"

"ಮಾವ, ಕಲ್ಲೇನಾದ್ರೂ ಸಿಕ್ತಾ?"

"ಯಾವ ಕಲ್ಲವ್ವ? ನಾವೇನೂ ಕಂಡಿಲ್ಲ." ಮಾವ ಆಕಾಶ ನೋಡಿದರು. ತಾತ ಸರ್ವೆಯವನಿಗೆ ಕಾಫಿ ಬೇಕಾ ಅಂತ ಕೇಳಿದರು.

ಅನುಮಾನ ಬಂತು. ಮಾವನನ್ನು ಪಕ್ಕಕ್ಕೆ ಕರೆದೆ. ಪಿಸುಗುಟ್ಟಿದರು: "ಕೆತ್ತಿದ ಕಲ್ಲು ಸಿಕ್ತು, ಅವರೆ ಮಡಿಯಾಗ ಹೂತೀವಿ. ಪುರಾತತ್ವ ಡಿಪಾರ್ಟ್‌ಮೆಂಟಿನವರಿಗೆ ಗೊತ್ತಾದ್ರ ಕೆಲಸ ನಿಲ್ಲಸ್ತಾರ. ಊರಾಗ ಹಿಂಗ ಕಲ್ಲು ಸಿಕ್ಕು ನಮ್ಮ ತಮ್ಮನ ಪಾಯಿಖಾನಿ ಆರು ವರ್ಷ ನಿಂತಿತ್ತು." ತಾತನ ಅಣ್ಣನ ಮನೆಯೂ ಗ್ರೀಸಿನಲ್ಲಿ ಹೀಗೇ ಪಾಯದಲ್ಲೇ ನಿಂತಿದೆಯಂತೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಕಲ್ಲು ಕಂಡೊಡನೆ ಇಬ್ಬರಿಗೂ ಏನು ಮಾಡಬೇಕೆಂದು ಗೊತ್ತಾಗಿತ್ತು.

"ಅಯ್ಯೋ ಮಾವ, ಇದು ಇಂಡಿಯಾ ಅಲ್ಲ, ಗ್ರೀಸೂ ಅಲ್ಲ. ಆ ಕಲ್ಲು ಇದ್ರೇನೇ ಬೇಲಿ ಹಾಕೋದು. ನನ್ನ ಮಾತು ನಂಬಿ, ತೆಗೀರಿ" ಎಂದು ಅರ್ಧ ಗಂಟೆ ಇಬ್ಬರಿಗೂ ಬುದ್ಧಿ ಹೇಳಿದೆ. ಒಲ್ಲದ ಮನಸ್ಸಿನಿಂದ ತೆಗೆದು ತೊಳೆದುಕೊಟ್ಟರು.

ಸರ್ವೆಯವನು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ. ಮುಖ ಅರಳಿತು. "ಇಲ್ಲೆಲ್ಲ ತಂಬಾಕು ತೋಟ ಇದ್ದ ಕಾಲದ್ದು, ನೂರು ವರ್ಷ ಆಗಿರುತ್ತೆ. ಇದನ್ನ ಹಳೇ ವಸ್ತುಗಳ ಆಫೀಸಿಗೆ ಹೇಳಲೇಬೇಕು. ಅವರು ಬಂದು ನೋಡೋವರೆಗೂ ಇಲ್ಲಿ ಏನೂ ಅಗೀಬೇಡಿ" ಅಂದ.

ನಾನು ಅನುವಾದ ಮಾಡುವ ಮೊದಲೇ ಮಾವ ಸನಿಕೆ ಕೆಳಗಿಟ್ಟರು.

"ಅದು ಇಂಗ್ಲಿಷಿನ್ಯಾಗೂ ಹಂಗ ಕೇಳಸ್ತದ, ಬಿಡವ್ವ."