ನಾಲ್ಕು ಸಾಲಿನ ವೆಬ್ ಪುಟ

ಪುಟ್ಟರಾಜು ಅಂದು ಬೆಳಿಗ್ಗೆ ಮಾಡಿದ ತಪ್ಪು ಒಂದೇ. ಕಂಪ್ಯೂಟರಿನೊಳಗೆ ತೆಪ್ಪಗೆ ಬಿದ್ದಿದ್ದದ್ದನ್ನು ಕಾಗದದ ಮೇಲೆ ಪ್ರಿಂಟ್ ತೆಗೆದ.

ತೆಗೆಯದೆ ವಿಧಿಯಿರಲಿಲ್ಲ ಅನ್ನಿ. ಅರಸೀಕೆರೆಯ ಆ ತೆಂಗು ಬೆಳೆಗಾರರ ಸಂಘದಲ್ಲಿ ಹೆಡ್ ಕ್ಲಾರ್ಕ್ ದ್ಯಾವಯ್ಯನವರ ಕೆಂಪು ಇಂಕಿನ ಸಹಿ ಬೀಳದೆ ಒಂದು ಪೋಸ್ಟ್ ಕಾರ್ಡೂ ಹೊಸಿಲು ದಾಟುತ್ತಿರಲಿಲ್ಲ. ಇನ್ನು ಲೋಕವೆಲ್ಲ ನೋಡುವ ವೆಬ್ ಪುಟ ದಾಟೀತೇ? ಕರಡು ಮಂಡಿಸಲೇಬೇಕು.

ಅದು ಎರಡು ಸಾವಿರದ ಒಂದನೇ ಇಸವಿ. ಸಂಘಕ್ಕೆ ಕಂಪ್ಯೂಟರ್ ಬಂದು ಆರು ತಿಂಗಳಾಗಿತ್ತು. ಅಧ್ಯಕ್ಷ ದೇವೀರಪ್ಪನವರು ತಿಪಟೂರಿನ ಯಾರೋ ಕೊಬ್ಬರಿ ವ್ಯಾಪಾರಿಯ ವೆಬ್ ಪುಟ ನೋಡಿ ಬಂದವರೇ, "ನಮ್ಗೂ ಒಂದು ಬೇಕು ಕಣ್ರಪ್ಪಾ" ಎಂದು ಹಟ ಹಿಡಿದಿದ್ದರು. ಪುಟ್ಟರಾಜು ನಾಲ್ಕು ವರ್ಷದಿಂದ ಅಲ್ಲಿ ಟೆಂಪೊರರಿ ಟೈಪಿಸ್ಟ್. ಒಂದು ಪತ್ರಿಕೆಯಲ್ಲಿ ಬಂದ ಪಾಠ ನೋಡಿಕೊಂಡು, ತನಗೆ ಗೊತ್ತಿದ್ದ ಒಂದೇ ವಿದ್ಯೆಯಾದ ವರ್ಡ್ ಪ್ರೊಸೆಸರಿನಲ್ಲಿ, ಕಾಗದ ಪತ್ರ ಟೈಪ್ ಮಾಡಿದ ಹಾಗೇ ವೆಬ್ ಪುಟವನ್ನೂ ಮೂರು ವಾರ ಕೂತು ಟೈಪ್ ಮಾಡಿದ್ದ. ಸಂಜೆ ನಾಲ್ಕಕ್ಕೆ ಅದರ ಉದ್ಘಾಟನೆ. ಪುಟ ಚೆನ್ನಾಗಿ ಬಂದರೆ ಅಲ್ಲೇ ಖಾಯಂ ಮಾಡುವ ಠರಾವಿಗೆ ಸಹಿ ಹಾಕುವುದಾಗಿ ದೇವೀರಪ್ಪನವರು ಮಾತು ಕೊಟ್ಟಿದ್ದರು. ಅವನು ಖಾಯಂ ಆದರೆ ಮಗಳು ಇಂದುವನ್ನು ಕೊಡುವುದಾಗಿ ಗಂಡಸಿ ಗ್ರಾಮದ ಗಿಡ್ಡಯ್ಯನವರು ಮಾತು ಕೊಟ್ಟಿದ್ದರು. ಅಂದರೆ ಉದ್ಯೋಗ, ಮದುವೆ ಎರಡೂ ಒಂದೇ ಫೈಲಿನಲ್ಲಿ ಕೂತಿದ್ದವು.

ದ್ಯಾವಯ್ಯನವರು ಕನ್ನಡಕ ಏರಿಸಿ ಪ್ರಿಂಟನ್ನು ಬೆಳಕಿಗೆ ಹಿಡಿದರು.

"ಏನಪ್ಪಾ ಇದು, ಒಂದೊಂದು ಮಾತಿಗೂ ಅಕ್ಕಪಕ್ಕ ಬೇಲಿ ಹಾಕಿದ್ದೀಯ?"

"ಅದು ಕಂಪ್ಯೂಟರ್‌ಗೆ ಕೊಡೋ ಸೂಚನೆ ಸಾರ್. ನೋಡೋ ಜನಕ್ಕೆ ಕಾಣಲ್ಲ."

"ಕಾಣದೇ ಇರೋದನ್ನ ಯಾಕಪ್ಪಾ ಬರೀಬೇಕು? ಮೇಲೆ 'ಹೆಡ್' ಅಂತ ಐತೆ, ಕೆಳಗೆ 'ಬಾಡಿ' ಅಂತ ಐತೆ. ಇದೇನು ವೆಬ್ ಪುಟಾನೋ, ಪೋಸ್ಟ್ ಮಾರ್ಟಮ್ ರಿಪೋರ್ಟೋ? ಅದೂ ಎರಡೆರಡು ಸಲ!"

"ಮೊದಲ್ನೇದು ಶುರು ಅಂತ, ಎರಡನೇದು ಮುಗೀತು ಅಂತ ಸಾರ್."

"ಮುಗಿದ್ರೆ ಮುಗೀತು. ಉಂಡು ಎದ್ದೋನು ಊಟ ಮುಗೀತು ಅಂತ ಡಂಗುರ ಹೊಡೀತಾನಾ?"

ಕೆಂಪು ಇಂಕು ಹರಿಯಿತು. ಮುಗಿಸುವ ಸೂಚನೆಗಳೆಲ್ಲ ಹೊಡೆದುಹೋದವು. ತಲೆಯ ಮೇಲೆ 'ಶ್ರೀ ಮಾಲೇಕಲ್ಲು ವೆಂಕಟರಮಣಸ್ವಾಮಿ ಪ್ರಸನ್ನ' ಬಂತು. ಅದರಡಿ ಉಲ್ಲೇಖ ಸಂಖ್ಯೆ, ದಿನಾಂಕ, ವಿಷಯ, ಕೊನೆಯಲ್ಲಿ 'ತಮ್ಮ ವಿಶ್ವಾಸಿ', ಅದರಡಿ 'ಪ್ರತಿ: ಕಚೇರಿ ಕಡತಕ್ಕೆ'. "ಇದೆಲ್ಲಾ ಇಂಗ್ಲಿಷ್‌ನಾಗೆ ಹಾಕ್ಕೊಂಡು ಬಾ. ಆಮೇಲೇ ಸಹಿ" ಎಂದು ದ್ಯಾವಯ್ಯನವರು ಪೆನ್ನು ಮುಚ್ಚಿದರು.

ಪುಟ್ಟರಾಜುವಿಗೆ ಅಳುವೋ ನಗುವೋ ತಿಳಿಯಲಿಲ್ಲ. ಆದರೆ ಹುಡುಗ ಚುರುಕು. ನೋಡುವವರ ಕಣ್ಣಿಗೆ ಬೀಳದ ಹಾಗೆ ಟಿಪ್ಪಣಿ ಬರೆದಿಡುವ ಉಪಾಯವೊಂದು ಆ ಪತ್ರಿಕೆಯ ಪಾಠದಲ್ಲೇ ಇತ್ತು. ವೆಂಕಟರಮಣಸ್ವಾಮಿಯಿಂದ ಕಚೇರಿ ಕಡತದವರೆಗೆ ಎಲ್ಲವನ್ನೂ ಆ ಗುಟ್ಟಿನ ಟಿಪ್ಪಣಿಯೊಳಗೆ ತುಂಬಿದ. ಮುಗಿಸುವ ಸೂಚನೆಗಳನ್ನು ಪ್ರಿಂಟಿಗೆ ಮಾತ್ರ ತೆಗೆದು, ಸಹಿ ಬಿದ್ದ ಮೇಲೆ ಕಂಪ್ಯೂಟರಿನಲ್ಲಿ ಮತ್ತೆ ಸೇರಿಸಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಅಷ್ಟರಲ್ಲಿ ಪಕ್ಕದ ಮೇಜಿನ ಮೀನಾಕ್ಷಿ ಇಣುಕಿದಳು. ಅವಳಿಗೆ ಉಪಕಾರ ಮಾಡುವ ಚಟ. ವರ್ಡ್ ಪ್ರೊಸೆಸರ್ ಪ್ರತಿ ಸೂಚನೆಯ ಕೆಳಗೂ ಕೆಂಪು ಗೆರೆ ಎಳೆದಿತ್ತು.

"ಅಯ್ಯೋ, ಎಲ್ಲಾ ತಪ್ಪು ಅಂತೈತಲ್ರೀ ಪುಟ್ಟರಾಜು! ನಾನು ಒಂದೊಂದೇ ಸರಿ ಮಾಡ್ಲಾ?"

"ಬ್ಯಾಡ ಮೇಡಂ, ದಮ್ಮಯ್ಯ ಅಂತೀನಿ! ಅದು ತಪ್ಪಿದ್ರೇನೇ ಸರಿ."

ಮೂರು ಗಂಟೆಗೆ ಪೂಜೆ. ಮಾನಿಟರಿಗೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ; ಮೌಸಿನ ಕೆಳಗೊಂದು ನಿಂಬೆಹಣ್ಣು. ತೆಂಗಿನ ಸಂಘ ಎಂದ ಮೇಲೆ ಕಾಯಿಗೇನು ಬರ? ದೇವೀರಪ್ಪನವರು ತಮ್ಮ ತೋಟದ್ದೇ ಭರ್ಜರಿ ಕಾಯಿ ತಂದು, ಮೇಜಿನ ಅಂಚಿಗೆ ಒಂದೇ ಏಟಿಗೆ ಒಡೆದರು. ಅರ್ಧ ಕಾಯಿನೀರು ಚೊಂಬಿಗೆ ಬಿತ್ತು, ಉಳಿದರ್ಧ ಸೀದಾ ಕೀಬೋರ್ಡಿಗೆ.

"ಶುಭಶಕುನ!" ಎಂದರು ದ್ಯಾವಯ್ಯನವರು.

ಪುಟ್ಟರಾಜು ಓಡಿ ಬಂದ. ಕೀಬೋರ್ಡನ್ನು ಬೋರಲು ಹಾಕಿ ಒದರಿದ. ಒಂದು ಕೀ ಒತ್ತಿದರೆ ಮೂರು ಅಕ್ಷರ ಬೀಳತೊಡಗಿದವು. ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿನಿಂದ ಒಂದು ಕೀಬೋರ್ಡ್ ಕಡ ತರೋಣವೆಂದು ಓಡುತ್ತ ಓಡುತ್ತ, "ಮೇಡಂ, ಮೌಸ್‌ನಲ್ಲೇ ಅದನ್ನ ಸೇವ್ ಮಾಡಿ ಮುಚ್ಚಿಬಿಡಿ!" ಎಂದು ಕೂಗಿದ.

ಸೇವ್ ಮಾಡು ಎಂದನೇ ಹೊರತು ಹೇಗೆ ಎನ್ನಲಿಲ್ಲ. ಮೀನಾಕ್ಷಿಗೆ ತೆರೆಯ ಮೇಲೆ ಒಂದು ಪಟ್ಟಿ ಕಾಣಿಸಿತು. ಬರೀ ಟೆಕ್ಸ್ಟ್ ಎಂದು ಒಂದಿತ್ತು, ವೆಬ್ ಪೇಜ್ ಎಂದು ಇನ್ನೊಂದಿತ್ತು. 'ವೆಬ್ ಪೇಜ್ ತಾನೇ ಬೇಕಾಗಿರೋದು' ಎಂದು ಅವಳು ಅದನ್ನೇ ಒತ್ತಿದಳು. ಯಾರಾದರೂ ಅದನ್ನೇ ಒತ್ತುತ್ತಿದ್ದರು, ಪಾಪ. ಬರೀ ಟೆಕ್ಸ್ಟ್ ಆಗಿ ಉಳಿಸಿದ್ದರೆ ಸೂಚನೆಗಳು ಮರೆಯಾಗಿ ಅಂದವಾದ ಪುಟ ಮೂಡುತ್ತಿತ್ತು. ಹೀಗೆ ಉಳಿಸಿದ್ದರಿಂದ, ಬರೆದವರಿಗೆ ಸೂಚನೆಗಳನ್ನೇ ಜನಕ್ಕೆ ತೋರಿಸಬೇಕಾಗಿದೆ ಎಂದುಕೊಂಡ ವರ್ಡ್ ಪ್ರೊಸೆಸರ್, ಬೇಲಿ ಸಮೇತ ಎಲ್ಲವನ್ನೂ ಭದ್ರವಾಗಿ ಕಾಪಾಡಿತು.

ಪುಟ್ಟರಾಜು ಏದುಸಿರು ಬಿಡುತ್ತ ಬಂದಾಗ ನಾಲ್ಕು ಗಂಟೆ. ನಿರ್ದೇಶಕರೆಲ್ಲ ಕುರ್ಚಿ ಹಿಡಿದಿದ್ದರು. ಮುಂದಿನ ಸಾಲಿನಲ್ಲಿ ಗಿಡ್ಡಯ್ಯನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ದೇವೀರಪ್ಪನವರು ಮಾನಿಟರಿಗೆ ಕಟ್ಟಿದ್ದ ರಿಬ್ಬನ್ ಕತ್ತರಿಸಿ ಮೌಸ್ ಒತ್ತಿದರು.

ತೆರೆಯ ತುಂಬ ಬೇಲಿಯೋ ಬೇಲಿ. ಹೆಡ್ಡು, ಬಾಡಿ, ಬಣ್ಣದ ಸಂಖ್ಯೆ, ಗುಟ್ಟಿನ ಟಿಪ್ಪಣಿ, ಒಂದೂ ಬಿಡದಂತೆ ಎರಡು ಪುಟದುದ್ದ.

ಮುಗೀತು ಕತೆ ಎಂದು ಪುಟ್ಟರಾಜು ಕಣ್ಣು ಮುಚ್ಚಿದ. ಆಮೇಲೆ ಕೇಳಿದ್ದು ಚಪ್ಪಾಳೆ!

"ಅಬ್ಬಬ್ಬಬ್ಬಾ! ಎಷ್ಟೊಂದು ಬರ್ದಿದ್ದೀಯಪ್ಪಾ!" ದೇವೀರಪ್ಪನವರು ಎದ್ದೇ ನಿಂತಿದ್ದರು. "ತಿಪಟೂರಿನೋರ್ದು ಏನಿತ್ತು? ಒಂದು ಚಿತ್ರ, ಒಂದಷ್ಟು ಮಾತು. ಓದಿದ್ರೆ ಯಾರಿಗೆ ಬೇಕಾದ್ರೂ ಅರ್ಥ ಆಗೋದು. ಇದ ನೋಡ್ರಪ್ಪಾ, ಒಂದಕ್ಷರ ಅರ್ಥ ಆಗಲ್ಲ! ಇದು ಕಂಪ್ಯೂಟರ್ ಕೆಲಸ ಅಂದ್ರೆ!"

"ನನ್ನ ಉಲ್ಲೇಖ ಸಂಖ್ಯೆ ನೋಡಿ ಸಾರ್, ಹೆಂಗೆ ಕೂತೈತೆ!" ಎಂದು ದ್ಯಾವಯ್ಯನವರು ಉಬ್ಬಿದರು.

ಗಿಡ್ಡಯ್ಯನವರು ಪಕ್ಕದವರ ಮೊಣಕೈ ತಿವಿದು, "ನಮ್ಮ ಅಳಿಯ ಆಗೋರು" ಎಂದರು. ದೇವೀರಪ್ಪನವರು ಠರಾವಿನ ಕಾಗದ ಬಿಡಿಸಿ, ಪೆನ್ನಿನ ಟೋಪಿ ತೆಗೆದರು.

ಪುಟ್ಟರಾಜು ಬಾಯಿ ಮುಚ್ಚಿಕೊಂಡು ಇನ್ನೊಂದು ನಿಮಿಷ ನಿಂತಿದ್ದರೆ ಆಗಿತ್ತು. ಆದರೆ ಮೂರು ವಾರ ಕೂತು ನೇಯ್ದದ್ದು ತಿರುವು ಮುರುವಾಗಿ ಕಾಣುವಾಗ ಯಾವ ಕಸುಬುದಾರನ ಕೈ ಸುಮ್ಮನಿದ್ದೀತು? ತಪ್ಪಿಗೇ ಇಷ್ಟು ಚಪ್ಪಾಳೆ ಬಿದ್ದರೆ ಸರಿಯಾದದ್ದಕ್ಕೆ ಇನ್ನೆಷ್ಟು ಬೀಳಬೇಕು ಎಂಬ ಆಸೆ ಬೇರೆ. "ಒಂದೇ ನಿಮಿಷ ಸಾರ್" ಎಂದವನೇ ಕಡ ತಂದ ಕೀಬೋರ್ಡ್ ಸಿಕ್ಕಿಸಿ, ಎಲ್ಲವನ್ನೂ ಬರೀ ಟೆಕ್ಸ್ಟ್ ಮಾಡಿ, ಹಳೆಯದರ ಮೇಲೇ ಉಳಿಸಿ, ಪುಟವನ್ನು ಮತ್ತೆ ತೆರೆದ.

ತಿಳಿ ಹಸಿರು ಬಣ್ಣ. ನಡುವೆ ಒಂದು ತೆಂಗಿನಮರ. ಕೆಳಗೆ ನಾಲ್ಕೇ ಸಾಲು: ಸಂಘದ ಹೆಸರು, ವಿಳಾಸ, ಫೋನ್ ನಂಬರು, ಮತ್ತು ಬೇಲೂರು ಹಳೇಬೀಡಿಗೆ ಹೋಗುವವರು ರೈಲಿಳಿದಾಗ ಬಂದು ಹೋಗಿ ಎಂಬ ಆಹ್ವಾನ. ಅಚ್ಚುಕಟ್ಟೆಂದರೆ ಅಚ್ಚುಕಟ್ಟು. ಪುಟ್ಟರಾಜು ಬೀಗುತ್ತ ಹಿಂತಿರುಗಿ ನೋಡಿದ.

ಒಬ್ಬರ ಮುಖದಲ್ಲೂ ಕಳೆಯಿಲ್ಲ.

"ಎಲ್ಲಿ ಹೋಯ್ತಪ್ಪಾ ಅಷ್ಟೂ?" ಎಂದರು ದೇವೀರಪ್ಪನವರು.

"ವೆಂಕಟರಮಣಸ್ವಾಮಿ ಹೆಸ್ರನ್ನೇ ಅಳಿಸಿಬಿಟ್ನಲ್ಲಾ!" ದ್ಯಾವಯ್ಯನವರು ಎದೆ ಹಿಡಿದುಕೊಂಡರು.

"ಇಲ್ಲ ಸಾರ್, ಎಲ್ಲಾ ಒಳಗೇ ಐತೆ. ಮೊದ್ಲು ಕಂಡದ್ದು ತಪ್ಪು. ಇದು ಸರಿ."

"ತಪ್ಪೇ ಅಷ್ಟು ಚೆನ್ನಾಗಿತ್ತಲ್ಲಯ್ಯಾ, ಸರಿ ಮಾಡು ಅಂದೋರು ಯಾರು ನಿಂಗೆ?"

"ಬೇಕಾದ್ರೆ ಈಗ್ಲೇ ಮೊದ್ಲಿನಂಗೆ ತಪ್ಪು ಮಾಡ್ತೀನಿ ಸಾರ್!"

"ಈಗ ಮಾಡ್ತೀಯ, ನಾಳೆ ಮತ್ತೆ ಸರಿ ಮಾಡ್ಬಿಟ್ರೆ?" ದೇವೀರಪ್ಪನವರು ಪೆನ್ನಿಗೆ ಟೋಪಿ ಹಾಕಿದರು, ಠರಾವನ್ನು ಮಡಿಸಿ ಜೇಬಿಗಿಟ್ಟರು. "ಇನ್ನೊಂದು ವರ್ಷ ಟೆಂಪೊರರಿ ಇರಪ್ಪಾ. ಈ ಸರಿ ಮಾಡೋ ಚಾಳಿ ಬಿಡ್ತೀಯೇನೋ ನೋಡಣ."

ಪುಟ್ಟರಾಜು ಕೊನೆಯ ಆಸೆಯಿಂದ ಗಿಡ್ಡಯ್ಯನವರ ಕಡೆ ತಿರುಗಿದ. ಅವರು ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ಬ್ಯಾಸರ ಮಾಡ್ಕಬ್ಯಾಡ ಕಣಪ್ಪಾ" ಎಂದರು ಅವರು. "ಎರಡು ಪುಟ ತುಂಬ ಇದ್ದಿದ್ದು ನಿನ್ನ ಕೈ ತಾಕಿ ನಾಲ್ಕು ಸಾಲಾಯ್ತು. ನನ್ನ ಮಗಳ ಜೊತೆ ಕಳಿಸೋ ಪಾತ್ರೆ ಪಡಗ ನಿನ್ನತ್ರ ಎಷ್ಟು ದಿನ ಉಳೀತವೆ, ನೀನೇ ಹೇಳು."